ಅಕ್ಕಿಕಾಳಿನಷ್ಟು, ಬಟಾಣಿಕಾಳಿನಷ್ಟು: ವಯಸ್ಸಿಗೆ ತಕ್ಕ ಟೂತ್‌ಪೇಸ್ಟ್

ಗದುಗಿನ ಸಮೀಪದ ಕಳಸಾಪುರದಲ್ಲಿ ನಮ್ಮ ಪರಿಚಿತರ ಮನೆಯೊಂದರಲ್ಲಿ ಒಂದು ರಾತ್ರಿ ತಂಗುವ ಪ್ರಸಂಗ ಒದಗಿ ಬಂದಿತ್ತು. ಬೆಳಗಿನ ಹೊತ್ತು. ಅಂಗಳದಲ್ಲಿ ಕಸಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಹಾಕಿಯಾಗಿತ್ತು. ಮನೆಯ ಹಿರಿಯರು ಸ್ನಾನ ಮುಗಿಸಿ ಲಿಂಗಪೂಜೆಗೆ ಕುಳಿತಿದ್ದರು. ಹಿತ್ತಲ ಬಚ್ಚಲಿನ ಕಟ್ಟೆಯ ಮೇಲೆ ಮೂರು ವರುಷದ ಮೊಮ್ಮಗನು ಬ್ರಷ್ಷನ್ನು ಮುಂದೆ ಚಾಚಿ ನಿಂತಿದ್ದನು. ಅಜ್ಜಿ ಪ್ರೀತಿಯಿಂದ ಬ್ರಷ್ಷಿನ ಈ ತುದಿಯಿಂದ ಆ ತುದಿಯವರೆಗೆ ಬಿಳಿಯ ಪೇಸ್ಟನ್ನು ಬಳಿದು ಕೊಟ್ಟರು. ಕೂಸು ಎರಡು ಸಲ ಉಜ್ಜಿದಂತೆ ಮಾಡಿ, ಉಳಿದುದನ್ನು ಚಪ್ಪರಿಸಿ ನುಂಗಿಬಿಟ್ಟಿತು.

"ಅತ್ತಿ, ಅಷ್ಟ್ಯಾಕ ಹಾಕ್ತೀರಿ? ಎಲ್ಲಾ ನುಂಗ್ತಾನ ಅವ" ಎಂದು ಒಳಗಿನಿಂದ ಸೊಸೆ ಕೂಗಿದಳು.

"ನುಂಗಿದ್ರ ಏನಾಕ್ಕತಿ ಬಿಡವಾ, ಸಿಹಿ ಐತಿ, ತಿಂತಾನ. ಟೀವ್ಯಾಗ ಹಿಂಗ ಹಾಕ್ತಾರಲ್ಲ" ಎಂದು ಅಜ್ಜಿ ನಕ್ಕರು.

ಸೊಸೆ ಹೊರಗೆ ಬಂದಳು. ಮಾತನಾಡುವಾಗ ಸೆರಗಿನ ಅಂಚನ್ನು ಬಾಯಿಗೆ ಮುಚ್ಚಿಕೊಳ್ಳುವುದು ಆಕೆಯ ರೂಢಿಯೆಂಬುದು ನಮ್ಮ ಗಮನಕ್ಕೆ ಬಂದಿತು. ಆಕೆಯ ತವರು ಮುಂಡರಗಿ ತಾಲ್ಲೂಕಿನ ಒಂದು ಹಳ್ಳಿ. ಎಳವೆಯಲ್ಲಿ ಕುಡಿದದ್ದು ಬೋರಿನ ನೀರು. ಮುಂದಿನ ಹಲ್ಲುಗಳ ಮೇಲೆ ಅಡ್ಡಡ್ಡವಾಗಿ ಕಂದು ಗೆರೆಗಳು. ಎಷ್ಟು ಉಜ್ಜಿದರೂ ಹೋಗದ ಗೆರೆಗಳು. "ನನಗಾದದ್ದು ಇವನಿಗೆ ಆಗಬಾರದ್ರಿ" ಎಂದು ಆಕೆ ಹೇಳಿದ ಒಂದು ಮಾತು ಈ ಲೇಖನಕ್ಕೆ ಕಾರಣವಾಗಿದೆ.

ಟೂತ್‌ಪೇಸ್ಟಿನ ಅಳತೆಯೆಂಬುದು ಒಂದು ವಿಷಯವೇ ಎಂದು ವಾಚಕ ಬಂಧುಗಳು ಕೇಳಬಹುದು. ಬೇರೆ ನಾಡಿನಲ್ಲಿ ಅದು ಸಣ್ಣ ವಿಷಯವಾಗಿರಬಹುದು. ಆದರೆ ಗದಗ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಸೀಮೆಯಲ್ಲಿ ವಾಸಿಸುವ ನಮಗೆ ಅದು ಸಣ್ಣದಲ್ಲ. ಏಕೆಂದರೆ ಪೇಸ್ಟಿನಲ್ಲಿರುವ ಫ್ಲೋರೈಡ್ ಎಂಬ ಲವಣವೇ ಈ ಜಿಲ್ಲೆಯ ಅನೇಕ ಹಳ್ಳಿಗಳ ಕೊಳವೆಬಾವಿಯ ನೀರಿನಲ್ಲಿಯೂ ಮಿತಿಮೀರಿ ಇದೆ. ಎರಡು ದಾರಿಗಳಿಂದ ಬರುವ ಒಂದೇ ವಸ್ತುವನ್ನು ಕೂಡಿಸಿ ಲೆಕ್ಕ ಹಾಕುವುದು ತಾಯಿತಂದೆಯರ ಕರ್ತವ್ಯವಾಗಿದೆ.

ಒಂದು ಲವಣ, ಎರಡು ಮುಖ

ಫ್ಲೋರೈಡಿನ ಕಥೆ ಆರಂಭವಾದುದು ಅಮೆರಿಕೆಯಲ್ಲಿ. 1901ರಲ್ಲಿ ಫ್ರೆಡರಿಕ್ ಮೆಕೇ ಎಂಬ ತರುಣ ದಂತವೈದ್ಯರು ಕೊಲರಾಡೊ ಸ್ಪ್ರಿಂಗ್ಸ್ ಎಂಬ ಊರಿಗೆ ಬಂದು ನೆಲೆಸಿದರು. ಅಲ್ಲಿಯೇ ಹುಟ್ಟಿ ಬೆಳೆದ ಅನೇಕರ ಹಲ್ಲುಗಳ ಮೇಲೆ ಕಂದು ಕಲೆಗಳಿರುವುದನ್ನು ಕಂಡು ಅವರು ಬೆರಗಾದರು. ಕಾರಣವನ್ನು ಹುಡುಕುತ್ತ ಮೂರು ದಶಕಗಳೇ ಕಳೆದವು. ಆ ಕಲೆಯ ಹಲ್ಲುಗಳಿಗೆ ಹುಳುಕು ಹಿಡಿಯುವುದು ಕಡಿಮೆ ಎಂಬ ಇನ್ನೊಂದು ಸಂಗತಿಯೂ ಅವರ ಕಣ್ಣಿಗೆ ಬಿದ್ದಿತು. ಕೊನೆಗೆ 1931ರಲ್ಲಿ ಚರ್ಚಿಲ್ ಎಂಬ ರಸಾಯನ ತಜ್ಞರು ಅಂಥದೇ ಕಲೆಗಳಿದ್ದ ಬಾಕ್ಸೈಟ್ ಎಂಬ ಊರಿನ ನೀರನ್ನು ಪರೀಕ್ಷಿಸಿ, ಅದರಲ್ಲಿ ಫ್ಲೋರೈಡ್ ಹೆಚ್ಚಾಗಿರುವುದನ್ನು ತೋರಿಸಿಕೊಟ್ಟರು.

ಅಲ್ಲಿಂದ ಮುಂದೆ ಟ್ರೆಂಡ್ಲಿ ಡೀನ್ ಎಂಬ ವಿಜ್ಞಾನಿ ಊರೂರುಗಳ ನೀರನ್ನೂ ಮಕ್ಕಳ ಹಲ್ಲುಗಳನ್ನೂ ಹೋಲಿಸಿ ನೋಡಿದರು. ಒಂದು ಲೀಟರ್ ನೀರಿನಲ್ಲಿ ಸುಮಾರು 1 ಮಿಲಿಗ್ರಾಂ ಫ್ಲೋರೈಡ್ ಇದ್ದರೆ ಹುಳುಕು ಕಡಿಮೆಯಾಗುತ್ತದೆ, ಎದ್ದು ಕಾಣುವ ಕಲೆಯೂ ಬೀಳುವುದಿಲ್ಲ. ಅದಕ್ಕಿಂತ ಹೆಚ್ಚಾದಂತೆ ಕಲೆ ಬೀಳುತ್ತದೆ ಎಂಬುದು ಅವರಿಗೆ ತಿಳಿದುಬಂದಿತು. 1945ರಲ್ಲಿ ಗ್ರ್ಯಾಂಡ್ ರ‍್ಯಾಪಿಡ್ಸ್ ಎಂಬ ನಗರದಲ್ಲಿ ಕುಡಿಯುವ ನೀರಿಗೆ ಫ್ಲೋರೈಡನ್ನು ಬೇಕೆಂದೇ ಬೆರೆಸಿದರು. 1950ರ ದಶಕದಲ್ಲಿ ಅದು ಟೂತ್‌ಪೇಸ್ಟಿನೊಳಗೂ ಬಂದಿತು. ಹೀಗೆ ಒಂದು ದೇಶ ತನ್ನ ನೀರಿನಲ್ಲಿ ಇಲ್ಲದುದನ್ನು ಸೇರಿಸಿಕೊಂಡು ಲಾಭ ಪಡೆಯಿತು. ನಮ್ಮ ಪಾಡು ಬೇರೆ. ನಮ್ಮ ನೆಲ ಕೇಳದೆಯೇ ಕೊಟ್ಟಿದೆ. ಬೇಕಾದುದಕ್ಕಿಂತ ಹೆಚ್ಚು ಕೊಟ್ಟಿದೆ.

ಭಾರತದಲ್ಲಿ ಈ ತೊಂದರೆಯನ್ನು ಮೊದಲು ವೈದ್ಯಕೀಯ ಲೋಕದ ಗಮನಕ್ಕೆ ತಂದುದು 1937ರಲ್ಲಿ, ಅಂದಿನ ಮದ್ರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಿಂದ. ಹಲ್ಲು ಮಾತ್ರವಲ್ಲ, ಬೆನ್ನು ಬಾಗಿ ಕೀಲುಗಳು ಬಿಗಿದುಹೋದ ರೈತರನ್ನು ಅಲ್ಲಿ ವೈದ್ಯರು ಕಂಡರು. ಫ್ಲೋರೈಡ್ ಬಹುಕಾಲ ಮೈಸೇರಿದರೆ ಎಲುಬಿಗೂ ಕೇಡು ಎಂಬುದು ಅಲ್ಲಿಂದ ಸ್ಪಷ್ಟವಾಯಿತು. 2008-09ರಲ್ಲಿ ಕೇಂದ್ರ ಸರಕಾರವು ಫ್ಲೋರೋಸಿಸ್ ತಡೆ ಹಾಗೂ ನಿಯಂತ್ರಣಕ್ಕಾಗಿ ರಾಷ್ಟ್ರೀಯ ಕಾರ್ಯಕ್ರಮವನ್ನೇ ಆರಂಭಿಸಿತು.

ನಮ್ಮ ನೆಲದ ನೀರು

ಹಿಂದಿನ ತಲೆಮಾರಿನವರು ಕೆರೆಯ ನೀರನ್ನೂ ತೆರೆದ ಬಾವಿಯ ನೀರನ್ನೂ ಕುಡಿದು ಬಾಳಿದರು. ನಮ್ಮ ನೆರೆಯ ಲಕ್ಕುಂಡಿಯು ನೂರೊಂದು ಗುಡಿ, ನೂರೊಂದು ಬಾವಿಗಳ ಊರೆಂದೇ ಹೆಸರಾಗಿದೆ. ಮಳೆಯ ನೀರಿನಲ್ಲಿ ಫ್ಲೋರೈಡ್ ಇಲ್ಲವೆಂದೇ ಹೇಳಬೇಕು. ಆದುದರಿಂದ ಮಳೆಯನ್ನು ಹಿಡಿದಿಟ್ಟ ಕೆರೆಯಲ್ಲಿ ಅದರ ಭಯ ಕಡಿಮೆ. ಕಾಲ ಬದಲಾಯಿತು. ಕೆರೆಗಳಲ್ಲಿ ಹೂಳು ತುಂಬಿತು. ಊರೂರಿಗೂ ಕೊಳವೆಬಾವಿಗಳು ಬಂದವು. ನೂರಾರು ಅಡಿಯ ಆಳದಲ್ಲಿ ಗಟ್ಟಿ ಕಲ್ಲಿನ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಕಲ್ಲಿನಲ್ಲಿರುವ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ನೋಡಲು ಆ ನೀರು ತಿಳಿಯಾಗಿರುತ್ತದೆ. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಈ ಪ್ರಮಾಣದಲ್ಲಿ ರುಚಿಯೂ ಇಲ್ಲ. ಆದುದರಿಂದಲೇ ಅದು ಮೋಸಗೊಳಿಸುತ್ತದೆ.

ಭಾರತೀಯ ಮಾನಕ ಸಂಸ್ಥೆಯ ನಿಯಮದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು. ಬೇರೆ ನೀರೇ ಇಲ್ಲದ ಪಕ್ಷದಲ್ಲಿ 1.5 ಮಿಲಿಗ್ರಾಂವರೆಗೆ ಒಪ್ಪಬಹುದು. ವಿಶ್ವ ಆರೋಗ್ಯ ಸಂಸ್ಥೆಯು ಹೇಳುವ ಮಿತಿಯೂ 1.5 ಮಿಲಿಗ್ರಾಂ. ನಮ್ಮ ಜಿಲ್ಲೆಯ ಅನೇಕ ಕೊಳವೆಬಾವಿಗಳು, ವಿಶೇಷವಾಗಿ ಮುಂಡರಗಿಯ ಕಡೆಯವು, ಈ ಮಿತಿಯನ್ನು ದಾಟಿವೆ. ತುಂಗಭದ್ರೆಯ ನೀರು ನಳದಲ್ಲಿ ಬರುವ ಊರುಗಳೂ, ಶುದ್ಧ ಕುಡಿಯುವ ನೀರಿನ ಘಟಕಗಳು ನೆಟ್ಟಗೆ ನಡೆಯುತ್ತಿರುವ ಊರುಗಳೂ ಈ ಕಷ್ಟದಿಂದ ಬಹುಮಟ್ಟಿಗೆ ಪಾರಾಗಿವೆ. ಆದರೆ ನದಿಯ ನೀರು ನಾಲ್ಕಾರು ದಿನ ಬಾರದೆ ಹೋದಾಗ, ಘಟಕ ಕೆಟ್ಟು ನಿಂತಾಗ, ಮತ್ತೆ ಕೊಡ ತುಂಬುವುದು ಬೋರಿನಿಂದಲೇ.

ಒಂದೇ ಊರಿನಲ್ಲಿ ಎರಡು ಬೋರುಗಳ ನೀರು ಎರಡು ಬಗೆಯಾಗಿರಬಹುದು. ಆದುದರಿಂದ ಕಳಸಾಪುರವಿರಲಿ, ಡಂಬಳವಿರಲಿ, ಇಂಥ ಊರಿನ ನೀರು ಒಳ್ಳೆಯದು, ಇಂಥ ಊರಿನದು ಕೆಟ್ಟದ್ದು ಎಂದು ಕುಳಿತಲ್ಲಿಯೇ ಹೇಳಲಾಗದು. ಪರೀಕ್ಷೆಯೊಂದೇ ದಾರಿ. ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯದಲ್ಲಿ ಇದನ್ನು ಪರೀಕ್ಷಿಸುತ್ತಾರೆ. 2019ರಲ್ಲಿ ಆರಂಭವಾದ ಜಲ ಜೀವನ ಮಿಷನ್ ಯೋಜನೆಯಡಿ ಹಳ್ಳಿಗಳಲ್ಲಿಯೇ ನೀರು ಪರೀಕ್ಷಿಸುವ ಪೆಟ್ಟಿಗೆಗಳನ್ನು ಒದಗಿಸಿ, ಮಹಿಳೆಯರಿಗೆ ತರಬೇತಿ ಕೊಡುವ ಏರ್ಪಾಡಾಗಿದೆ. ಗ್ರಾಮ ಪಂಚಾಯತಿಯಲ್ಲಿ ವಿಚಾರಿಸುವುದು ಮೊದಲ ಹೆಜ್ಜೆ.

ಕಲೆ ಬೀಳುವುದು ಯಾವಾಗ?

ಹಲ್ಲಿನ ಮೇಲಿನ ಕಲೆ ಹಲ್ಲು ಹುಟ್ಟಿದ ಮೇಲೆ ಬೀಳುವುದಲ್ಲ. ಅದು ವಸಡಿನೊಳಗೆ ಹಲ್ಲು ರೂಪುಗೊಳ್ಳುವಾಗಲೇ ಬೀಳುತ್ತದೆ. ಮಗುವಿಗೆ ಆರು ತಿಂಗಳ ಸುಮಾರಿಗೆ ಹಾಲುಹಲ್ಲು ಮೂಡತೊಡಗಿ, ಎರಡೂವರೆ ಮೂರು ವರುಷಕ್ಕೆ ಇಪ್ಪತ್ತು ಹಲ್ಲುಗಳು ಬಂದಿರುತ್ತವೆ. ಅವುಗಳ ಕೆಳಗೆ, ನಮ್ಮ ಕಣ್ಣಿಗೆ ಕಾಣದಂತೆ, ಶಾಶ್ವತ ಹಲ್ಲುಗಳ ಹೊರಕವಚ ಅದೇ ಸಮಯಕ್ಕೆ ಸಿದ್ಧವಾಗುತ್ತಿರುತ್ತದೆ. ನಕ್ಕಾಗ ಎದ್ದು ಕಾಣುವ ಮುಂದಿನ ಹಲ್ಲುಗಳ ಕವಚ ಹುಟ್ಟಿನಿಂದ ನಾಲ್ಕು ವರುಷದೊಳಗೆ ಬಹುಪಾಲು ಮುಗಿಯುತ್ತದೆ. ಬುದ್ಧಿಹಲ್ಲು ಬಿಟ್ಟು ಉಳಿದೆಲ್ಲ ಹಲ್ಲುಗಳದು ಎಂಟು ವರುಷದ ಹೊತ್ತಿಗೆ ಮುಗಿಯುತ್ತದೆ. ಈ ಅವಧಿಯಲ್ಲಿ ಹೊಟ್ಟೆಗೆ ಹೋದ ಹೆಚ್ಚಿನ ಫ್ಲೋರೈಡ್, ಕವಚ ಗಟ್ಟಿಯಾಗುವ ಕೆಲಸವನ್ನು ಕೆಡಿಸುತ್ತದೆ. ಮೊದಲು ಸುಣ್ಣದಂಥ ಬಿಳಿಯ ಮಚ್ಚೆಗಳು. ಹೆಚ್ಚಾದರೆ ಹಳದಿ, ಕಂದು ಗೆರೆಗಳು. ಇನ್ನೂ ಹೆಚ್ಚಾದರೆ ಹಲ್ಲಿನ ಮೇಲೆ ಗುಳಿಗಳು.

ಮೂರು ವರುಷದ ಮಗು ನುಂಗಿದ್ದರ ಫಲ ಕಾಣುವುದು ಅದು ಏಳೆಂಟು ವರುಷದ್ದಾಗಿ, ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದಾಗ. ಅಷ್ಟು ಹೊತ್ತಿಗೆ ಮಾಡಬಹುದಾದುದು ಏನೂ ಉಳಿದಿರುವುದಿಲ್ಲ. ಎಂಟು ವರುಷ ದಾಟಿದ ಮೇಲೆ ಹೊಸದಾಗಿ ಹಲ್ಲಿಗೆ ಈ ಕಲೆ ಬೀಳುವ ಭಯವಿಲ್ಲ. ಎಲುಬಿನ ಭಯ ಮಾತ್ರ ಜೀವಮಾನವೆಲ್ಲ ಇರುತ್ತದೆ. ಅದಕ್ಕೆ ಕಾರಣ ಮುಖ್ಯವಾಗಿ ನೀರೇ ಹೊರತು ಪೇಸ್ಟಲ್ಲ.

ಲೆಕ್ಕವನ್ನು ನೋಡೋಣ

ನಮ್ಮ ದೇಶದ ನಿಯಮದಂತೆ ಟೂತ್‌ಪೇಸ್ಟಿನಲ್ಲಿ ಫ್ಲೋರೈಡ್ 1000 ಪಿ.ಪಿ.ಎಂ. ಮೀರುವಂತಿಲ್ಲ. ಸರಳವಾಗಿ ಹೇಳುವುದಾದರೆ 1 ಗ್ರಾಂ ಪೇಸ್ಟಿನಲ್ಲಿ 1 ಮಿಲಿಗ್ರಾಂ. ಜಾಹೀರಾತಿನಲ್ಲಿ ತೋರಿಸುವಂತೆ ಬ್ರಷ್ಷಿನ ಉದ್ದಕ್ಕೂ ಬಳಿದರೆ ಸುಮಾರು 1 ಗ್ರಾಂ ಅಥವಾ ಅದಕ್ಕೂ ಹೆಚ್ಚು ಪೇಸ್ಟ್ ಆಗುತ್ತದೆ. ಬಟಾಣಿಕಾಳಿನಷ್ಟು ಹಾಕಿದರೆ ಸುಮಾರು ಕಾಲು ಗ್ರಾಂ. ಅಕ್ಕಿಕಾಳಿನಷ್ಟು ಸವರಿದರೆ ಗ್ರಾಮಿನ ಹತ್ತರಲ್ಲೊಂದು ಭಾಗ.

ಒಂದರಿಂದ ಮೂರು ವರುಷದ ಮಗುವಿನ ಹೊಟ್ಟೆಗೆ ಎಲ್ಲ ಮೂಲಗಳಿಂದ ದಿನಕ್ಕೆ 1.3 ಮಿಲಿಗ್ರಾಮಿಗಿಂತ ಹೆಚ್ಚು ಫ್ಲೋರೈಡ್ ಹೋಗಬಾರದೆಂದು ಅಮೆರಿಕೆಯ ವೈದ್ಯ ಸಂಸ್ಥೆಯೊಂದು ಗೊತ್ತುಮಾಡಿದೆ. ನಾಲ್ಕರಿಂದ ಎಂಟು ವರುಷದವರಿಗೆ ಈ ಮಿತಿ 2.2 ಮಿಲಿಗ್ರಾಂ. ಈಗ ನಮ್ಮ ಮನೆಯ ಕೂಸಿನ ಲೆಕ್ಕ ಹಾಕೋಣ. ಎರಡು ವರುಷದ ಮಗುವಿನ ಹೊಟ್ಟೆಗೆ ಕುಡಿಯುವ ಹಾಗೂ ಅಡುಗೆಯ ನೀರು ಸೇರಿ ದಿನಕ್ಕೆ ಒಂದು ಲೀಟರ್ ಹೋಗುತ್ತದೆಂದು ಹಿಡಿಯೋಣ. ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇದ್ದರೆ ನೀರಿನಿಂದ ಬಂದುದೇ 1 ಮಿಲಿಗ್ರಾಂ. ಅಕ್ಕಿಕಾಳಿನಷ್ಟು ಪೇಸ್ಟನ್ನು ಎರಡು ಹೊತ್ತು ಹಚ್ಚಿ, ಅದನ್ನೆಲ್ಲ ಮಗು ನುಂಗಿದರೂ ಸೇರುವುದು 0.2. ಒಟ್ಟು 1.2. ಮಿತಿಯೊಳಗೇ ಉಳಿಯಿತು. ಅದೇ ಮಗುವಿಗೆ ಬ್ರಷ್ಷಿನ ತುಂಬ ಪೇಸ್ಟ್ ಹಾಕಿ, ಅದು ಅರ್ಧ ಮಾತ್ರ ನುಂಗಿದರೂ ಎರಡು ಹೊತ್ತಿಗೆ 1 ಮಿಲಿಗ್ರಾಂ ಸೇರಿ ಒಟ್ಟು 2 ಆಯಿತು. ಮಿತಿ ಮೀರಿತು.

ಇನ್ನು ನೀರಿನಲ್ಲಿಯೇ ಲೀಟರಿಗೆ 2 ಮಿಲಿಗ್ರಾಂ ಇದ್ದರೆ? ಪೇಸ್ಟಿನ ಮಾತಿಗಿಂತ ಮೊದಲೇ ಮಿತಿ ದಾಟಿಹೋಗಿದೆ. ಅಲ್ಲಿ ಪೇಸ್ಟಿನ ಅಳತೆ ಎಷ್ಟೇ ಕಿರಿದಾದರೂ ಸಾಲದು. ಮೊದಲು ನೀರನ್ನು ಬದಲಾಯಿಸಬೇಕು.

ಯಾವ ವಯಸ್ಸಿಗೆ ಎಷ್ಟು?

ಹಲ್ಲು ಮೂಡುವ ಮುನ್ನ: ಪೇಸ್ಟ್ ಬೇಡವೇ ಬೇಡ. ಹಾಲು ಕುಡಿದ ಮೇಲೆ ಶುಭ್ರವಾದ ಮೆತ್ತನೆಯ ಅರಿವೆಯನ್ನು ಒದ್ದೆ ಮಾಡಿ ವಸಡನ್ನು ಒರೆಸಿದರೆ ಸಾಕು. ಆರು ತಿಂಗಳವರೆಗೆ ತಾಯಿಯ ಹಾಲಷ್ಟೇ ಕೊಡಬೇಕೆಂಬ ವೈದ್ಯರ ಮಾತಿಗೆ ನಮ್ಮ ಸೀಮೆಯಲ್ಲಿ ಇನ್ನೊಂದು ಕಾರಣವೂ ಇದೆ. ತಾಯಿ ಎಂಥ ನೀರನ್ನು ಕುಡಿದರೂ ಅವಳ ಎದೆಹಾಲಿನಲ್ಲಿ ಫ್ಲೋರೈಡ್ ಅತ್ಯಲ್ಪ. ಅದೇ ಹಾಲಿನ ಪುಡಿಯನ್ನು ಬೋರಿನ ನೀರಿನಲ್ಲಿ ಕಲಸಿ ಕುಡಿಸಿದರೆ ಆ ನೀರಿನ ಫ್ಲೋರೈಡೆಲ್ಲ ಕೂಸಿನ ಹೊಟ್ಟೆಗೆ ಹೋಗುತ್ತದೆ.

ಮೊದಲ ಹಲ್ಲಿನಿಂದ ಮೂರು ವರುಷದವರೆಗೆ: ಮನೆಯ ನೀರು ನದಿಯದೋ ಶುದ್ಧೀಕರಿಸಿದ್ದೋ ಆಗಿದ್ದರೆ, ಫ್ಲೋರೈಡ್ ಇರುವ ಪೇಸ್ಟನ್ನು ಒಂದು ಅಕ್ಕಿಕಾಳಿನಷ್ಟು ಸವರಬೇಕು. ಬ್ರಷ್ಷಿನ ಮೇಲೆ ತೆಳುವಾದ ಒಂದು ಗೀರು ಮಾತ್ರ. ಅಮೆರಿಕೆಯ ದಂತವೈದ್ಯ ಸಂಘವು 2014ರಿಂದ ಇದೇ ಅಳತೆಯನ್ನು ಹೇಳುತ್ತಿದೆ. ಮನೆಯ ನೀರು ಫ್ಲೋರೈಡ್ ಹೆಚ್ಚಿರುವ ಬೋರಿನದಾಗಿದ್ದರೆ, ಫ್ಲೋರೈಡ್ ಇಲ್ಲದ ಪೇಸ್ಟನ್ನು ಬಳಸಬೇಕು, ಇಲ್ಲವೆ ಬರಿಯ ನೀರಿನಲ್ಲಿ ಬ್ರಷ್ಷನ್ನು ಅದ್ದಿ ಉಜ್ಜಬೇಕು. ಉಜ್ಜುವವರು ತಾಯಿತಂದೆಯರೇ ಆಗಿರಬೇಕು.

ಮೂರರಿಂದ ಆರು ವರುಷ: ಬಟಾಣಿಕಾಳಿನಷ್ಟು. ಪೇಸ್ಟನ್ನು ಬ್ರಷ್ಷಿನ ಉದ್ದಕ್ಕೆ ಹಾಕದೆ ಅಡ್ಡಕ್ಕೆ ಹಾಕಿದರೆ ಅಳತೆ ತಾನೇ ಕಡಿಮೆಯಾಗುತ್ತದೆ. ಉಗುಳುವುದನ್ನು ಆಟದಂತೆ ಕಲಿಸಬೇಕು. ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಊರಿನಲ್ಲಿ ಈ ವಯಸ್ಸಿಗೂ ಫ್ಲೋರೈಡ್ ರಹಿತ ಪೇಸ್ಟೇ ಲೇಸು.

ಆರು ವರುಷದಿಂದ ಹದಿನೈದರವರೆಗೆ: ಬಟಾಣಿಕಾಳಿನಷ್ಟೇ ಸಾಕು, ಹೆಚ್ಚೆಂದರೆ ಅರ್ಧ ಬ್ರಷ್. ಆರನೆಯ ವರುಷಕ್ಕೆ ಹಾಲುಹಲ್ಲುಗಳ ಹಿಂದೆ ಮೊದಲ ಶಾಶ್ವತ ದವಡೆಹಲ್ಲು ಬರುತ್ತದೆ. ಯಾವ ಹಲ್ಲೂ ಬೀಳದೆ ಅದು ಬರುವುದರಿಂದ ಅದನ್ನು ಹಾಲುಹಲ್ಲೆಂದೇ ತಿಳಿದು ಅಲಕ್ಷಿಸುವವರು ಬಹಳ. ಜಾತ್ರೆಯ ಬೆಂಡು ಬತ್ತಾಸು, ಅಂಗಡಿಯ ಚಾಕಲೇಟು ಸಿಕ್ಕಿಕೊಂಡು ಮೊದಲು ಹುಳುಕು ಹಿಡಿಯುವುದು ಅದಕ್ಕೇ. ಎಂಟು ವರುಷದವರೆಗಾದರೂ ದೊಡ್ಡವರ ಮೇಲ್ವಿಚಾರಣೆ ಇರಬೇಕು.

ಪ್ರಾಯದವರು: ಬಟಾಣಿಕಾಳಿನಷ್ಟರಲ್ಲಿಯೇ ಬಾಯಿತುಂಬ ನೊರೆ ಬರುತ್ತದೆ. ಹಲ್ಲನ್ನು ತೊಳೆಯುವುದು ನೊರೆಯಲ್ಲ, ಬ್ರಷ್ಷಿನ ಎಳೆಗಳು. ಎರಡು ನಿಮಿಷದ ಕಾಲ, ಮೆತ್ತನೆಯ ಬ್ರಷ್ಷಿನಿಂದ, ಎಲ್ಲ ಮಗ್ಗುಲುಗಳನ್ನೂ ಉಜ್ಜುವುದು ಮುಖ್ಯ. ಉಜ್ಜಿದ ಮೇಲೆ ಪೇಸ್ಟನ್ನು ಚೆನ್ನಾಗಿ ಉಗುಳಬೇಕು. ಚೊಂಬುಗಟ್ಟಲೆ ನೀರಿನಿಂದ ಮುಕ್ಕಳಿಸಿದರೆ ಹಲ್ಲಿಗೆ ಅಂಟಬೇಕಾದ ಫ್ಲೋರೈಡ್ ತೊಳೆದುಹೋಗುತ್ತದೆ. ಚಿಕ್ಕ ಮಕ್ಕಳಿಗೆ ಮಾತ್ರ, ಅದರಲ್ಲಿಯೂ ಬೋರಿನ ನೀರಿನ ಊರುಗಳಲ್ಲಿ, ಮುಕ್ಕಳಿಸಿ ಉಗುಳಿಸುವುದೇ ಸರಿ.

ವೃದ್ಧರು: ವಯಸ್ಸಾದಂತೆ ವಸಡು ಸರಿದು ಹಲ್ಲಿನ ಬೇರು ಹೊರಗೆ ಕಾಣುತ್ತದೆ. ಬೇರಿಗೆ ಗಟ್ಟಿ ಕವಚವಿಲ್ಲ. ಹುಳುಕು ಬೇಗ ಹಿಡಿಯುತ್ತದೆ. ಮಧುಮೇಹ ಹಾಗೂ ರಕ್ತದೊತ್ತಡದ ಕೆಲವು ಔಷಧಗಳಿಂದ ಬಾಯಿ ಒಣಗುವುದೂ ಉಂಟು. ಆದುದರಿಂದ ಇವರು ಫ್ಲೋರೈಡ್ ಪೇಸ್ಟನ್ನು ಬಟಾಣಿಕಾಳಿನಷ್ಟು ನಿಯಮದಿಂದ ಬಳಸುವುದು ಹಿತಕರ. ಕಟ್ಟಿಸಿದ ಹಲ್ಲಿನ ಸೆಟ್ಟಿಗೆ ಮಾತ್ರ ಪೇಸ್ಟ್ ಬೇಡ. ಅದರ ಒರಟು ಪುಡಿಯಿಂದ ಸೆಟ್ಟಿನ ಮೇಲೆ ಗೀರುಗಳು ಬೀಳುತ್ತವೆ. ಸಾಬೂನಿನ ನೀರು ಸಾಕು.

ಕೊಳ್ಳುವಾಗ ಓದಬೇಕು

ಪೇಸ್ಟಿನ ಡಬ್ಬಿಯ ಮೇಲೆ ಸಣ್ಣ ಅಕ್ಷರಗಳಲ್ಲಿ ಸೋಡಿಯಂ ಫ್ಲೋರೈಡ್ ಎಂದೋ ಸೋಡಿಯಂ ಮಾನೋಫ್ಲೋರೋಫಾಸ್ಫೇಟ್ ಎಂದೋ ಬರೆದಿದ್ದರೆ ಅದು ಫ್ಲೋರೈಡ್ ಪೇಸ್ಟ್. ಗಿಡಮೂಲಿಕೆಯ ಚಿತ್ರವಿದ್ದ ಮಾತ್ರಕ್ಕೆ ಫ್ಲೋರೈಡ್ ಇಲ್ಲವೆಂದು ತಿಳಿಯಬಾರದು, ಓದಿಯೇ ತಿಳಿಯಬೇಕು. ಇಂಗ್ಲೆಂಡಿನಲ್ಲಿ ದೊಡ್ಡವರಿಗಾಗಿ ಮಾರುವ ಪೇಸ್ಟಿನಲ್ಲಿ 1350ರಿಂದ 1500 ಪಿ.ಪಿ.ಎಂ. ಫ್ಲೋರೈಡ್ ಇರುವುದುಂಟು. ಪರದೇಶದಲ್ಲಿರುವ ಮಕ್ಕಳು ರಜೆಗೆ ಬಂದಾಗ ಪ್ರೀತಿಯಿಂದ ತಂದುಕೊಟ್ಟುದನ್ನು ಮೊಮ್ಮಕ್ಕಳ ಬ್ರಷ್ಷಿಗೆ ಹಾಕುವ ಮುನ್ನ ಈ ಅಂಕಿಯನ್ನು ನೋಡಬೇಕು.

ಹಣ್ಣಿನ ರುಚಿಯ ಪೇಸ್ಟುಗಳನ್ನು ಮಕ್ಕಳು ತಿಂಡಿಯಂತೆ ತಿನ್ನುತ್ತಾರೆ. 100 ಗ್ರಾಮಿನ ಒಂದು ಟ್ಯೂಬಿನಲ್ಲಿ 100 ಮಿಲಿಗ್ರಾಂ ಫ್ಲೋರೈಡ್ ಇರುತ್ತದೆ. ಹತ್ತು ಕಿಲೋ ತೂಕದ ಮಗು ಅದರ ಅರ್ಧವನ್ನು ಒಮ್ಮೆಲೇ ತಿಂದರೆ ಪ್ರಾಣಕ್ಕೇ ಅಪಾಯವಾಗಬಹುದು. ಟ್ಯೂಬನ್ನು ಕೈಗೆ ಎಟುಕದಂತೆ ಇಡಬೇಕು. ಅಕಸ್ಮಾತ್ ಬಹಳ ತಿಂದಿದ್ದರೆ ಹಾಲು ಕುಡಿಸಿ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಹಾಲಿನ ಸುಣ್ಣದ ಅಂಶವು ಫ್ಲೋರೈಡನ್ನು ಹಿಡಿದಿಟ್ಟುಕೊಳ್ಳುತ್ತದೆ.

ಬೇವಿನಕಡ್ಡಿ, ಬೂದಿ, ಇದ್ದಿಲು

ನಮ್ಮ ಅಜ್ಜ ಮುತ್ತಜ್ಜಂದಿರು ಪೇಸ್ಟನ್ನು ಕಂಡವರಲ್ಲ. ಬೇವಿನ ಕಡ್ಡಿ, ಜಾಲಿಯ ಕಡ್ಡಿ ಜಗಿದು ಹಲ್ಲುಜ್ಜಿದರು. ಆ ರೂಢಿ ಕೆಟ್ಟದ್ದಲ್ಲ. ಕಡ್ಡಿಯ ತುದಿಯನ್ನು ಚೆನ್ನಾಗಿ ಜಗಿದು ಮೆತ್ತಗೆ ಮಾಡಿಕೊಂಡು, ವಸಡಿಗೆ ಗಾಯವಾಗದಂತೆ ಉಜ್ಜಿದರೆ ಹಲ್ಲು ಶುಭ್ರವಾಗುತ್ತದೆ. ಆದರೆ ಹುಳುಕನ್ನು ತಡೆಯುವ ಫ್ಲೋರೈಡ್ ಅದರಲ್ಲಿಲ್ಲ. ಬೂದಿ, ಇದ್ದಿಲು, ಇಟ್ಟಿಗೆಯ ಪುಡಿ, ಹರಳುಪ್ಪುಗಳು ಹಲ್ಲನ್ನು ಹೊಳೆಯಿಸಿದಂತೆ ಕಂಡರೂ ಕವಚವನ್ನು ದಿನದಿನಕ್ಕೆ ಸವೆಸುತ್ತವೆ. ಫ್ಲೋರೋಸಿಸ್‌ನ ಕಲೆಯನ್ನು ತೆಗೆಯಲೆಂದು ಇವುಗಳಿಂದ ತಿಕ್ಕುವ ಹೆಣ್ಣುಮಕ್ಕಳನ್ನು ನಾವು ಕಂಡಿದ್ದೇವೆ. ಆ ಕಲೆ ಹಲ್ಲಿನ ಮೈಯೊಳಗಿನದು, ತಿಕ್ಕಿದರೆ ಹೋಗದು. ದಂತವೈದ್ಯರು ಅದನ್ನು ತಿಳಿಗೊಳಿಸಬಲ್ಲರು, ಹಲ್ಲಿನ ಬಣ್ಣದ ಲೇಪವನ್ನು ಕೂಡಿಸಿ ಮುಚ್ಚಬಲ್ಲರು.

ಸುಟ್ಟ ತಂಬಾಕಿನ ಪುಡಿಯಿಂದ ಹಲ್ಲುಜ್ಜುವ ಚಟ ಇನ್ನೂ ಕೆಲವು ಮನೆಗಳಲ್ಲಿ ಉಳಿದಿದೆ. ಹಲ್ಲುಪುಡಿ ಹಾಗೂ ಪೇಸ್ಟುಗಳಲ್ಲಿ ತಂಬಾಕು ಬೆರೆಸುವುದನ್ನು ಸರಕಾರವು 1992ರಲ್ಲಿಯೇ ನಿಷೇಧಿಸಿದೆ. ಬಾಯಿಯ ಕ್ಯಾನ್ಸರಿಗೆ ಬಾಗಿಲು ತೆರೆಯುವ ಆ ಪುಡಿ ಯಾವ ವಯಸ್ಸಿನವರಿಗೂ, ಯಾವ ಅಳತೆಯಲ್ಲಿಯೂ ಸಲ್ಲದು.

ಮನೆಯಲ್ಲಿ, ಮಠದಲ್ಲಿ ಮಾಡಬೇಕಾದುದು

ನೀರನ್ನು ಕುದಿಸಿದರೆ ರೋಗಾಣುಗಳು ಸಾಯುತ್ತವೆ; ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಫ್ಲೋರೈಡ್ ಉಳಿಯುವುದರಿಂದ ಅದರ ಸಾಂದ್ರತೆ ಹೆಚ್ಚುತ್ತದೆ. ಅರಿವೆಯಲ್ಲಿ ಸೋಸಿದರೂ ಹೋಗದು. ಶುದ್ಧ ನೀರಿನ ಘಟಕದಿಂದ ಕ್ಯಾನು ತಂದು ಕುಡಿಯಲು ಮಾತ್ರ ಇಟ್ಟುಕೊಂಡು, ಅನ್ನ, ಬೇಳೆ, ಅಂಬಲಿಗಳಿಗೆ ಬೋರಿನ ನೀರನ್ನೇ ಸುರಿಯುವ ರೂಢಿ ಅನೇಕ ಮನೆಗಳಲ್ಲಿದೆ. ಬೇಳೆಯೊಡನೆ ಕುದಿದ ನೀರೂ ಹೊಟ್ಟೆಗೇ ಹೋಗುತ್ತದೆಂಬುದನ್ನು ಮರೆಯಬಾರದು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಅಡುಗೆಗೂ ಒಳ್ಳೆಯ ನೀರನ್ನೇ ಬಳಸಬೇಕು. ಸ್ನಾನಕ್ಕೆ, ಬಟ್ಟೆಗೆ, ದನಕರುಗಳ ಮೈತೊಳೆಯಲು ಬೋರಿನ ನೀರಾದೀತು.

ಹಾಲು, ಮಜ್ಜಿಗೆ, ನುಗ್ಗೆಸೊಪ್ಪು, ನೆಲ್ಲಿಕಾಯಿ, ನಿಂಬೆ ಇವು ಊಟದಲ್ಲಿರಲಿ. ಸುಣ್ಣದ ಅಂಶವೂ ಸಿ ಜೀವಸತ್ವವೂ ಸಾಕಷ್ಟಿದ್ದ ಮಕ್ಕಳು ಫ್ಲೋರೈಡಿನ ಹೊಡೆತವನ್ನು ಸ್ವಲ್ಪಮಟ್ಟಿಗೆ ತಾಳಿಕೊಳ್ಳುತ್ತಾರೆ. ಮಕ್ಕಳಿಗೆ ಹಾಲಿಲ್ಲದ ಕರಿಚಹ ಕೊಡಬಾರದು. ಚಹದ ಸೊಪ್ಪಿನಲ್ಲಿಯೇ ಫ್ಲೋರೈಡ್ ಇದೆ. ಕಪ್ಪು ಉಪ್ಪು, ಅಡಿಕೆಗಳನ್ನೂ ದೂರವಿಡಬೇಕು.

ನಮ್ಮ ಸಮಾಜದ ಹಿರಿಯರಲ್ಲಿ ಒಂದು ವಿನಂತಿಯಿದೆ. ನಮ್ಮ ನಾಡಿನ ಮಠಗಳು ನೂರಾರು ಬಡಮಕ್ಕಳಿಗೆ ಪ್ರಸಾದನಿಲಯಗಳಲ್ಲಿ ಅನ್ನವಿಕ್ಕಿ ಓದಿಸುತ್ತ ಬಂದಿವೆ. ಆ ದಾಸೋಹದ ಅಡುಗೆಮನೆಯ ನೀರನ್ನು ವರುಷಕ್ಕೆ ಎರಡು ಸಲವಾದರೂ, ಬೇಸಗೆಯಲ್ಲೊಮ್ಮೆ ಮಳೆಗಾಲದ ನಂತರವೊಮ್ಮೆ, ಪರೀಕ್ಷೆ ಮಾಡಿಸಬೇಕು. ಅನ್ನ ನೀಡುವವರು ನೀರಿನ ಗುಣವನ್ನೂ ಅರಿತು ನೀಡಿದರೆ ದಾಸೋಹ ಪೂರ್ಣವಾಗುತ್ತದೆ. ಅಂಗನವಾಡಿ, ಶಾಲೆಗಳ ನೀರಿಗೂ ಇದೇ ಮಾತು ಸಲ್ಲುತ್ತದೆ.

ಸೆರಗು ಸರಿಯಲಿ

ಕಂದುಗಟ್ಟಿದ ಹಲ್ಲು ಪ್ರಾಣ ತೆಗೆಯುವ ರೋಗವಲ್ಲ ಎಂದು ಹಗುರಾಗಿ ಹೇಳುವವರಿದ್ದಾರೆ. ಶಾಲೆಯಲ್ಲಿ ಗೆಳತಿಯರ ನಗೆಗೆ ಗುರಿಯಾದ ಹುಡುಗಿಯನ್ನು, ಫೋಟೋ ತೆಗೆಸುವಾಗ ತುಟಿ ಬಿಗಿದ ಮದುಮಗಳನ್ನು, ಹೆಣ್ಣು ನೋಡಲು ಬಂದವರೆದುರು ನಗದೆ ಕುಳಿತವಳನ್ನು ಕೇಳಿದರೆ ಅದರ ಭಾರ ತಿಳಿದೀತು. ಅವರು ಕೊಳಕರೂ ಅಲ್ಲ, ಸೋಮಾರಿಗಳೂ ಅಲ್ಲ. ಹುಟ್ಟಿದೂರಿನ ನೀರನ್ನು ಕುಡಿದವರು, ಅಷ್ಟೆ. ಸಂಬಂಧ ಕೂಡಿಸುವ ಹಿರಿಯರು ಹಲ್ಲಿನ ಕಲೆಯನ್ನು ಗುಣದ ಕಲೆಯೆಂದು ಎಣಿಸಬಾರದು.

ಕಳಸಾಪುರದ ಆ ಮನೆಯಲ್ಲಿ ಅಂದು ನಾವು ಈ ಲೆಕ್ಕವನ್ನೆಲ್ಲ ಅಜ್ಜಿಯೆದುರು ಹೇಳಿದೆವು. ಅವರು ಅಡುಗೆಮನೆಗೆ ಹೋಗಿ ಡಬ್ಬಿಯಿಂದ ಒಂದು ಅಕ್ಕಿಕಾಳನ್ನೂ ಒಂದು ಒಣ ಬಟಾಣಿಯನ್ನೂ ತಂದು ಅಂಗೈಯಲ್ಲಿಟ್ಟುಕೊಂಡು ನೋಡಿದರು. "ಇಷ್ಟ ಸಾಕೇನ್ರಿ? ಹಂಗಾದ್ರ ಒಂದು ಟ್ಯೂಬು ನಮ್ಮನಿಗೆ ಎರಡು ತಿಂಗಳು ಬರ್ತೈತಿ ನೋಡ್ರಿ" ಎಂದರು. ಖರ್ಚು ಉಳಿಯುವ ಮಾತೂ ಸುಳ್ಳಲ್ಲ. ಸೊಸೆ ಮಾತ್ರ, ಮರುದಿನವೇ ಬೋರಿನ ನೀರನ್ನು ಒಂದು ಬಾಟಲಿಯಲ್ಲಿ ತುಂಬಿ ಪಂಚಾಯತಿಗೆ ಒಯ್ಯುವುದಾಗಿ ಹೇಳಿದಳು. ಹೇಳುವಾಗ ಸೆರಗು ಬಾಯಿಗೆ ಅಡ್ಡ ಇರಲಿಲ್ಲ.

ಈ ಸಂಚಿಕೆಯನ್ನು ಓದಿ ಮುಗಿಸಿದ ತಾಯಂದಿರು ನಾಳೆ ಬೆಳಿಗ್ಗೆ ಎರಡು ಕೆಲಸ ಮಾಡಲಿ: ಮಗುವಿನ ಬ್ರಷ್ಷಿನ ಮೇಲಿನ ಪೇಸ್ಟನ್ನು ಒಮ್ಮೆ ನೋಡಲಿ, ಕೊಡದಲ್ಲಿನ ನೀರು ಎಲ್ಲಿಯದೆಂದು ಒಮ್ಮೆ ಕೇಳಲಿ. ಮುಂದಿನ ತಲೆಮಾರಿನ ನಗೆ ಅವೆರಡರಲ್ಲಿ ಅಡಗಿದೆ.